ಕೆಂಪು ಪಟ್ಟಿ ಕಟ್ಟಿದ್ದ ಮರಗಳು

೧೯೯೪ ಜೂನ್ ೧೪, ಮಂಗಳವಾರ. ಬೆಳಿಗ್ಗೆ ೯.೧೦ಕ್ಕೆ ಚೋವಾ ಚು ಕಾಂಗ್ ಕಡೆಯ ಠಾಣೆಗೆ ಅನಸೂಯ ಎಂಬುವರು ಬಂದು, ಗಂಡ ಕಾಣೆಯಾಗಿದ್ದಾರೆಂದು ದೂರು ಕೊಟ್ಟರು. ಗಂಡ ಬದರಿನಾಥ್, ವಯಸ್ಸು ೫೬, ಸಸ್ಯಶಾಸ್ತ್ರದ ಮೇಷ್ಟ್ರು. ದ್ವೀಪದ ಪಶ್ಚಿಮದ ಕಾಡಿನಲ್ಲಿ ಗಿಡಮರಗಳ ಮೊಟ್ಟಮೊದಲ ಸರ್ವೆಗೆಂದು ಭಾನುವಾರ ಸಹೋದ್ಯೋಗಿ ದ್ವಾರಕನಾಥ್ ಜೊತೆ ಹೋದವರು ಮನೆಗೆ ಬಂದಿರಲಿಲ್ಲ.

ಎರಡು ದಿನ ಸುಮ್ಮನಿದ್ದದ್ದೇಕೆ ಎಂದು ಇನ್‌ಸ್ಪೆಕ್ಟರ್ ಶಿವರಾಮ್ ಸಿಡುಕಿದ. ಬದರಿ ಕಾಡಿನಿಂದ ನೇರವಾಗಿ ಪಕ್ಕದ ದೇಶದ ಜೊಹೊರ್‌ಗೆ ಹೋದ, ಮಂಗಳವಾರ ಬರುತ್ತಾನೆ ಎಂದು ದ್ವಾರಕನಾಥ್ ಭಾನುವಾರ ಸಂಜೆಯೇ ಫೋನ್ ಮಾಡಿದ್ದನಂತೆ.

"ಇವತ್ತು ಬೀರು ಓಪನ್ ಮಾಡಿದೆ ಸರ್. ಪಾಸ್‌ಪೋರ್ಟ್ ಅಲ್ಲೇ ಇದೆ," ಎಂದರು ಅನಸೂಯ.

ಎಫ್‌ಐಆರ್ ದಾಖಲಾಯಿತು. ಠಾಣೆಗೆ ಕರೆಸಿದಾಗ ದ್ವಾರಕನಾಥ್ ಒಂದಿಷ್ಟೂ ತಡವರಿಸಲಿಲ್ಲ. ಇಬ್ಬರೂ ಒಟ್ಟಿಗೆ ಹೊರಗೆ ಬಂದೆವು, ಸಂಜೆ ಐದಕ್ಕೆ ಬೂನ್ ಲೇ ಎಂಆರ್‌ಟಿ ರೈಲು ನಿಲ್ದಾಣದ ಹತ್ತಿರ ಅವನನ್ನು ಬಿಟ್ಟೆ, ಪಾಸ್‌ಪೋರ್ಟ್ ವಿಷಯ ನನಗೇನು ಗೊತ್ತು ಎಂದ. ಕಾನ್‌ಸ್ಟೇಬಲ್ ರಹೀಮ್ ಫೋಟೋ ಹಿಡಿದು ಬೂನ್ ಲೇಯ ಅಂಗಡಿ, ಹಾಕರ್ ಸೆಂಟರ್‌ನ ತಿಂಡಿ ಮಳಿಗೆ, ಬಸ್ ನಿಲ್ದಾಣಗಳನ್ನೆಲ್ಲ ಅಲೆದ. ಯಾರೂ ನೋಡಿರಲಿಲ್ಲ. ದಿನವೊಂದು ಹಾಳಾಯಿತು. ಶಿವರಾಮನಿಗೆ ತಲೆ ಚಿಟ್ಟುಹಿಡಿಯಿತು.

ಬುಧವಾರ ಬೆಳಿಗ್ಗೆ ೭ಕ್ಕೆ ಇಪ್ಪತ್ತು ಜನ ಕಾಡಿಗಿಳಿದರು. ಸರ್ವೆಯವರು ದಾರಿ ತಪ್ಪದಂತೆ ಮರಗಳಿಗೆ ಕೆಂಪು ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾ ಹೋಗುವುದು ರೂಢಿ. ಸರ್ವೆಗೆ ಪರ್ಮಿಟ್ ಇದ್ದದ್ದು ಒಂದು ಗಡಿಕಲ್ಲಿನ ತನಕ ಮಾತ್ರ. ಪಟ್ಟಿಗಳೂ ಅಲ್ಲಿಯ ತನಕ ಇದ್ದವು, ಮುಂದಿಲ್ಲ. ಒಳಗೆ ಮೂಲೆಮೂಲೆ ಜಾಲಾಡಿದರೂ ಏನೂ ಸಿಗಲಿಲ್ಲ. ಮಧ್ಯಾಹ್ನ ಒಂದಕ್ಕೆ ಶಿವರಾಮ್ ಬೂಟಿನಿಂದ ಜಿಗಣೆ ಕಿತ್ತು ಎಸೆಯುತ್ತಾ ಆ ಹಾಳು ಕಾಡಿಗೂ ತನ್ನ ಹಣೆಬರಹಕ್ಕೂ ಶಾಪ ಹಾಕಿದ.

ಆಗ ರಹೀಮ್ ಕರೆದ. ಗಡಿಕಲ್ಲಿನಾಚೆ ಬೆತ್ತದ ಮುಳ್ಳಿಗೆ ಕೆಂಪು ಚೂರೊಂದು ಸಿಕ್ಕಿಕೊಂಡಿತ್ತು. ಮುಂದಿನ ಮರದ ಪಾಚಿಯಲ್ಲಿ ಪಟ್ಟಿಯ ಅಗಲಕ್ಕೆ ಗೆರೆ. ಅದರಾಚೆಯ ಮರದಲ್ಲೂ ಹಾಗೆಯೇ. ಕಟ್ಟಿ, ಆಮೇಲೆ ಬಿಚ್ಚಿದ್ದರು.

ಆ ಗೆರೆಗಳನ್ನೇ ಹಿಡಿದು ನಡೆದರು. ೩.೪೦ಕ್ಕೆ, ಹಿಂದೆಂದೋ ಜನ ಬಿಟ್ಟುಹೋದ ತೋಟವೊಂದರ ದುರಿಯನ್ ಮರದ ಕೆಳಗೆ ಬದರಿನಾಥ್ ಸಿಕ್ಕರು. ಕಾಲು ಉಳುಕಿ ಊದಿತ್ತು, ಜೀವವಿತ್ತು. ಮಳೆಕೋಟಿನಲ್ಲಿ ಹಿಡಿದ ನೀರು ಕುಡಿದು, ವಾಸನೆ ಬಂದರೇ ತಾವು ಮಾರು ದೂರ ಓಡುತ್ತಿದ್ದ ಆ ಗಬ್ಬುನಾರುವ ದುರಿಯನ್ ಹಣ್ಣನ್ನೇ ಮೂರು ದಿನ ತಿಂದು ಬದುಕಿದ್ದರು.

"ಎಲೆ ಕಲೆಕ್ಟ್ ಮಾಡ್ತಾ ಹಿಂದೆ ಉಳಿದೆ," ಎಂದರು. "ತಿರುಗಿ ನೋಡಿದ್ರೆ ಒಂದು ಪಟ್ಟೀನೂ ಇಲ್ಲ. ಕಟ್ಟಿದ್ದು ನಾನೇ. ನನಗೇ ತಲೆ ಕೆಟ್ಟಿತೇನೋ ಅಂದ್ಕೊಂಡೆ."

ಸಂಜೆ ೫.೫೦ಕ್ಕೆ ದ್ವಾರಕನಾಥ್‌ನ ಮನೆಯಲ್ಲಿ ಮಹಜರು ನಡೆಯಿತು. ಅವನ ಚೀಲದಲ್ಲಿ ಬಿಚ್ಚಿದ ಪಟ್ಟಿಗಳಿದ್ದವು, ಒಟ್ಟು ಇಪ್ಪತ್ತೊಂದು. ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟ ಆರೋಪದ ಮೇಲೆ ಅವನನ್ನು ಬಂಧಿಸಿದರು.

ಇಪ್ಪತ್ತು ವರ್ಷ ಬೇರೆಯವರ ನಕ್ಷೆಗಳಿಗೆ ದುಡಿದವನು ಅವನು. ತನ್ನ ಹೆಸರಿನಲ್ಲಿ ಬರಲಿದ್ದ ಮೊದಲ ನಕ್ಷೆ ಈ ಸರ್ವೆಯದು. ಗಡಿ ದಾಟಿದ್ದು ತಿಳಿದರೆ ಪರ್ಮಿಟ್ ಹೋಗುತ್ತದೆಂದು, ಬದರಿ ಆಗಲೇ ಕಾಡಿನ ಗೇಟಿಗೆ ಹೋಗಿದ್ದಾನೆ ಅಂದುಕೊಂಡು, ಬರುವಾಗ ಪಟ್ಟಿ ಬಿಚ್ಚುತ್ತಾ ಬಂದಿದ್ದ. ಗೇಟಿನಲ್ಲಿ ಬದರಿ ಇರಲಿಲ್ಲ. ನಿಜ ಹೇಳಿದರೆ ಗಡಿ ದಾಟಿದ್ದು ಬಯಲಾಗುತ್ತದೆಂದು ಜೊಹೊರ್ ಕಥೆ ಕಟ್ಟಿದ. ಸೋಮವಾರ ಒಬ್ಬನೇ ಹೋಗಿ ಹುಡುಕಿದ್ದನಂತೆ.

"ಹುಡುಕಿದ್ರಾ? ಕೂಗಿ ಕರೆದ್ರಾ?" ಶಿವರಾಮನ ಮೈ ಉರಿಯುತ್ತಿತ್ತು.

"ಕರೆದೆ ಸರ್."

"ಮತ್ತೆ ಅವರಿಗ್ಯಾಕೆ ಕೇಳಿಸ್ಲಿಲ್ಲ?"

"ಮೆಲ್ಲಗೆ ಕರೆದೆ," ಎಂದ ದ್ವಾರಕನಾಥ್. "ಗೇಟಿನ ಗಾರ್ಡ್‌ಗೆ ಕೇಳಿಸಿಬಿಟ್ರೆ ಅಂತ ಭಯ ಆಯ್ತು."

ಶಿವರಾಮ್ ಅದನ್ನು ಹಾಗೆಯೇ ಬರೆದುಕೊಂಡು ಕೆಳಗೆ ಸಹಿ ಹಾಕಿಸಿದ.