ಸಾಣೆಕಲ್ಲಿನ ಸದ್ದು

ಹೊನ್ನಾವರದ ನಮ್ಮ ದೋಣಿ ಕಟ್ಟುವ ಶೆಡ್ಡಿನಲ್ಲಿ ಸಾಣೆ ಮಷೀನು ಚಾಲೂ ಮಾಡುವ ಮೊದಲು ಕಲ್ಲನ್ನು ಬಿಚ್ಚಿ, ಬೆರಳಿಗೆ ನೇತುಹಾಕಿ, ಉಳಿಯ ಮರದ ಹಿಡಿಯಿಂದ ಬಡಿದು ನೋಡುತ್ತೇವೆ. ಠಣ್ ಎಂದರೆ ಗಟ್ಟಿ. ದಬ್ ಎಂದರೆ ಒಳಗೆ ಬಿರುಕು; ತಿರುಗುವಾಗ ಸಿಡಿದು ಮುಖಕ್ಕೇ ಬಡಿಯುತ್ತದೆ. ಇಲ್ಲೇ ಕೆಲಸಕ್ಕಿದ್ದ ನಮ್ಮ ಮಂಜಪ್ಪ ಸತ್ತದ್ದು ಹಾಗೆಯೇ.

ಮೊನ್ನೆ ಮಧ್ಯಾಹ್ನ ಬಡಿದೆ. ಕಲ್ಲು ಠಣ್ ಎಂದಿತು. ಅರ್ಧ ಕಟ್ಟಿದ ದೋಣಿಯೊಳಗಿಂದ ದಬ್ ಎಂದು ಕೇಳಿತು. ಮತ್ತೆ ಬಡಿದೆ. ಮತ್ತೆ ದಬ್.

“ಎಂತ ಮಾರಾಯ, ಕಲ್ಲಿಗೆ ಪೂಜೆ ಮಾಡ್ತ್ಯನ? ಉಳಿ ಮಸೀಬೇಕು, ಕೊಡು ಇತ್ಲಾಗೆ!” ಎಂದ ಭಾವ ಮಾದೇವ.

“ಮುಟ್ಟಿದ್ರೆ ಕೈ ಮುರ್ದ್ ಹಾಕ್ತೆ!” ಎಂದೆ.

ಕಲ್ಲನ್ನು ಗೋಣಿಯ ಮೇಲಿಟ್ಟು ದೋಣಿ ಹತ್ತಿದೆ. ಯಾರೂ ಇರಲಿಲ್ಲ. ಬಿಸಿಲಿಗೆ ಕಾದ ಹಲಗೆಯಲ್ಲಿ ಒಬ್ಬ ಕೂರುವಷ್ಟು ಜಾಗ ಮಾತ್ರ ತಣ್ಣಗಿತ್ತು.

ಇಳಿದು ಬಂದಾಗ ಮಾದೇವ ನಿಂತಲ್ಲೇ ನಿಂತಿದ್ದ. ಯಾರೂ ಮುಟ್ಟದ ಕಲ್ಲು ಗೋಣಿಯ ಮೇಲೆ ಎರಡು ಹೋಳಾಗಿತ್ತು.