ಕರೆಯದ ಹೆಸರು

"ಯಜಮಾನರ ಹೆಸರೇನಮ್ಮಾ?"

ಅಂಕಯ್ಯ ಮೇಷ್ಟ್ರು ಕೇಳಿದ್ದು ಇಷ್ಟೇ. ಬೈರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಕ್ಕೆ ಓಡಿಯೇಬಿಟ್ಟಳು. ನಿಘಂಟಿಗೆ ಮಾತು ಕೂಡಿಸಲು ಮೈಸೂರಿನಿಂದ ಚನ್ನಪಟ್ಟಣಕ್ಕೆ ಬಂದವನು ಮೊದಲ ಮನೆಯಲ್ಲೇ ಪೆಚ್ಚಾದ. ತನ್ನನ್ನು ಅಮಲ್ದಾರರ ಕಡೆಯವನು ಅಂದುಕೊಂಡರೋ ಏನೋ!

ಬೊಂಬೆಗೆ ಅರಗಿನ ಬಣ್ಣ ಹಚ್ಚುತ್ತಿದ್ದ ಮಗಳು ನಾಗಲಕ್ಷ್ಮಿ ಕಿಸಕ್ಕನೆ ನಕ್ಕಳು.

"ನಮ್ಮಪ್ಪನ ಹೆಸ್ರು ಕೆಂಚಯ್ಯ. ಅವ್ವ ಹೇಳಾಕಿಲ್ಲ. ಗಂಡನ ಹೆಸ್ರ ಯಾರಾದ್ರೂ ಬಾಯ್ಬುಟ್ಟು ಹೇಳ್ತಾರಾ?"

ಅಯ್ಯೋ, ತನ್ನ ಅಮ್ಮನೂ ಹೇಳುತ್ತಿರಲಿಲ್ಲವಲ್ಲ! ಪುಸ್ತಕದ ಗುಂಗಿನಲ್ಲಿ ಅದೇ ಮರೆತುಹೋಗಿತ್ತು.

"ನಿಮ್ ಬುಕ್ಕಲ್ಲಿ ಹೆಸ್ರು ಅಂದ್ರೆ ಏನಂತ ಬರ್ದಿದ್ದೀರಾ?"

"ಕರೆಯುವುದಕ್ಕೆ ಇಟ್ಟ ಮಾತು."

"ಅಂಗಾದ್ರೆ ಅವ್ವ ಇಪ್ಪತ್ತೈದು ವರ್ಸದಿಂದ ಅಪ್ಪನ್ನ ಕರ್ದೇ ಇಲ್ವಾ? 'ಇಗಾ, ಬನ್ನಿ' ಅಂತಾಳೆ, ಅಪ್ಪ ಬತ್ತಾನೆ. ಬೀದೀಲಿ ಇನ್ಯಾರೂ ತಿರುಗಿ ನೋಡಾಕಿಲ್ಲ."

ಅಂಕಯ್ಯನ ಲೇಖನಿ ನಿಂತೇಹೋಯಿತು. ಅವತ್ತಿನಿಂದ ದಿನಾ ಅಲ್ಲೇ ಠಿಕಾಣಿ. ಯಾವ ಮಾತಿನ ಅರ್ಥ ಕೇಳಿದರೂ ನಾಗಲಕ್ಷ್ಮಿಯದು ಒಂದೇ ಉತ್ತರ.

"ಅರ್ಥ ಕೇಳ್ಬ್ಯಾಡಿ ಅಂಕಯ್ಯನೋರೇ. ಯಾರು ಯಾರಿಗೆ ಯಾವಾಗ ಆಡ್ತಾರೆ, ಒಸಿ ನೋಡಿ ಅಂಕಯ್ಯನೋರೇ."

ಮಾತಿಗೊಮ್ಮೆ ಅಂಕಯ್ಯನೋರೇ, ಕಣ್ಣ ತುದಿಯಲ್ಲಿ ಕೀಟಲೆ. ನಿಜ ಹೇಳಬೇಕೆಂದರೆ, ಮೇಷ್ಟ್ರು ನಿಘಂಟಿಗಿಂತ ಹೆಚ್ಚಾಗಿ ಆ ಕರೆಗೇ ಕಾಯುತ್ತಿದ್ದ.

ತಿಂಗಳು ಕಳೆಯಿತು. ಊರಿಗೆ ಹೊರಡುವ ಹಿಂದಿನ ದಿನ ಧೈರ್ಯ ಮಾಡಿ ಕೆಂಚಯ್ಯನ ಹತ್ತಿರ ಹೆಣ್ಣು ಕೇಳಿಯೇಬಿಟ್ಟ.

"ನೀವು ನಮ್ಮೋರೇ, ಸರಿ. ಆದ್ರೂ ಮಗೀನ ಒಂದ್ ಮಾತು ಕೇಳ್ಬೇಕು. ಬೆಳಗ್ಗೆ ಬನ್ನಿ" ಎಂದಿದ್ದ ಕೆಂಚಯ್ಯ.

ಬೆಳಗ್ಗೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತರೆ, ಜಗಲಿಯ ಮೇಲಿದ್ದ ಕೆಂಚಯ್ಯ ಮಗಳ ಕಡೆ ಕೈ ತೋರಿಸಿ ಬೊಂಬೆ ಕೆತ್ತುತ್ತಾ ಕೂತ. ನಾಗಲಕ್ಷ್ಮಿ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅಂಕಯ್ಯನೋರೇ ಅನ್ನಲಿಲ್ಲ. ಒಲ್ಲೆ ಎಂದುಬಿಟ್ಟಳೇನೋ ಎಂದುಕೊಂಡ ಅಂಕಯ್ಯ.

"ಕೋಪವೇ?"

"ಊಹೂಂ."

"ಹಾಗಾದರೆ ಒಂದು ಸಲ ಹೆಸರು ಹಿಡಿದು ಕರಿ. ಕೇಳಿಸಿಕೊಂಡು ಹೊರಟುಹೋಗುತ್ತೇನೆ."

ಅವಳು ತುಟಿ ಕಚ್ಚಿಕೊಂಡು ಆಗದೆಂದು ತಲೆಯಾಡಿಸಿದಳು. ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ಒಳಗಿನಿಂದ ಬೈರಮ್ಮ ಕೂಗಿದಳು.

"ಯಾರೇ ಬಂದಿರಾದು?"

"ಅವ್ರು ಕಣವ್ವಾ."

"ಅವ್ರು ಅಂದ್ರೆ ಯಾರೇ?"

ನಾಗಲಕ್ಷ್ಮಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಕ್ಕೆ ಓಡಿದಳು.

ಅಂಕಯ್ಯ ಪೆಟ್ಟಿಗೆ ಕೆಳಗಿಟ್ಟ. ಪುಸ್ತಕ ತೆಗೆದು 'ಕರೆಯುವುದಕ್ಕೆ ಇಟ್ಟ ಮಾತು' ಎಂದಿದ್ದುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ.

"ಇಗಾ, ರೊಟ್ಟಿ ಆರೋಯ್ತದೆ, ಬನ್ನಿ" ಎಂದಿತು ಒಳಗಿನಿಂದ ನಾಗಲಕ್ಷ್ಮಿಯ ದನಿ.

ಜಗಲಿಯ ಮೇಲಿದ್ದ ಕೆಂಚಯ್ಯ ತಿರುಗಿಯೂ ನೋಡಲಿಲ್ಲ. ಅಂಕಯ್ಯ ಒಳಗೆ ಹೋದ.