ಕಬ್ಬಿಣವಿಲ್ಲದ ಮಸಿ

ತೇವಕ್ಕೆ ಪುಟಗಳೆಲ್ಲ ಅಂಟಿ ಇಟ್ಟಿಗೆಯಂತಾಗಿದ್ದ ಚರ್ಚಿನ ರಿಜಿಸ್ಟರನ್ನು ಯಂತ್ರ ತೆರೆಯದೆಯೇ ಓದುತ್ತಿತ್ತು. ಹಳೆಯ ಇಂಗ್ಲಿಷ್ ಶಾಯಿಯಲ್ಲಿ ಕಬ್ಬಿಣವಿರುತ್ತದೆ. ಕ್ಷ-ಕಿರಣ ಆ ಕಬ್ಬಿಣದ ಜಾಡು ಹಿಡಿದು ಒಂದೊಂದೇ ಪುಟವನ್ನು ಬಿಡಿಸಿ ಪರದೆಗೆ ತರುತ್ತದೆ. ಈ ಯಂತ್ರವನ್ನು ಕಂಡುಹಿಡಿದ ಡಾ. ಹಂಪಮ್ಮನಿಗೆ, 2061ರ ಆ ಬೆಳಿಗ್ಗೆ, ಬಳ್ಳಾರಿಯ ಪ್ರಯೋಗಾಲಯದಲ್ಲಿ, ಇದು ಹನ್ನೊಂದು ಸಾವಿರದ ಇನ್ನೂರ ನಾಲ್ಕನೆಯ ಪುಸ್ತಕ.

"ಸಿಕ್ಕರು ನೋಡ್ರಿ ನಿಮ್ಮ ಹಿರಿಯರು," ಎಂದರು ಎದುರು ಕುಳಿತಿದ್ದ ನಿವೃತ್ತ ರೈಲ್ವೆ ಗಾರ್ಡ್ ಎಡ್ವಿನ್ ಮೆಕ್ರೇಗೆ. "ಹ್ಯೂ ಮೆಕ್ರೇ, ಸಿಪಾಯಿ. 1849ರಾಗ ಮಗನಿಗೆ ದೀಕ್ಷಾಸ್ನಾನ ಮಾಡಿಸ್ಯಾರ. ಸ್ಕಾಟ್ಲೆಂಡಿನ ದಫ್ತರದ ಸೂಚಿಗೂ ತಾಳೆ ಆತು. ಊರು ಕಿಂಟೇಲ್."

"ಅವನ ಹೆಸ್ರು ಗೋರಿ ಮ್ಯಾಲೇ ಐತಲ್ರೀ ಮೇಡಂ, ಅದನ್ನ ಓದಾಕ ನಿಮ್ಮ ಮಿಷನ್ ಯಾಕ? ಆ ಮಗನ್ನ ಹೆತ್ತ ನಮ್ಮ ಮೂಲ ಅಜ್ಜಿ ಹೆಸ್ರು ಹೇಳ್ರಿ. ಅವನ ಹೆಸ್ರಿನ ಕೆಳಗ ಕೆತ್ತಾಕ ಆಳು ಉಳಿ ಹಿಡ್ಕಂಡು ಕುಂತಾನ."

ಪರದೆಯಲ್ಲಿ ತಾಯಿಯ ಅಂಕಣ ಖಾಲಿಯಿತ್ತು. ಹಂಪಮ್ಮ ಮುದ್ರಿತ ಹಾಳೆ ಕೊಟ್ಟರು. ಎಡ್ವಿನ್ ಕನ್ನಡಕ ಏರಿಸಿ ಅದರ ಮೇಲೆ ಬಗ್ಗಿದರು.

ಓದಿ ಮುಗಿದ ಪುಸ್ತಕವನ್ನು ಇಟ್ಟುಕೊಳ್ಳುವಂತಿಲ್ಲ, ಜಾಗವಿಲ್ಲ. ಆ ನಿಯಮಕ್ಕೆ ಶಿಫಾರಸು ಮಾಡಿದ್ದೂ ಹಂಪಮ್ಮನೇ. ಕಾಗದ ಕತ್ತರಿಸುವ ಯಂತ್ರದ ಚಲಿಸುವ ಪಟ್ಟಿಯ ಮೇಲೆ ಬಿದ್ದ ರಿಜಿಸ್ಟರ್ ಸೀಳಿ ಎರಡಾಯಿತು. ಕಂದು ಇಂಗ್ಲಿಷ್ ಸಾಲುಗಳ ಪಕ್ಕದಲ್ಲಿ ಕಡುಕಪ್ಪು ಕನ್ನಡ ಅಕ್ಷರಗಳು. ಪಾದ್ರಿಗೆ ಇಲ್ಲಿಯ ಹೆಸರುಗಳು ಬರೆಯಲು ಬರುತ್ತಿರಲಿಲ್ಲ. ತಾಯಂದಿರ ಅಂಕಣವನ್ನು ಗುಮಾಸ್ತನಿಗೆ ಬಿಟ್ಟಿದ್ದ. ಗುಮಾಸ್ತ ಬರೆದದ್ದು ದೀಪದ ಕಾಡಿಗೆಯ ಮಸಿಯಲ್ಲಿ. ಕಾಡಿಗೆಯಲ್ಲಿ ಕಬ್ಬಿಣವಿಲ್ಲ.

ಹ್ಯೂ ಮೆಕ್ರೇ ಎಂಬ ಸಾಲಿನ ಎದುರು ಸ್ಪಷ್ಟವಾಗಿತ್ತು: ಹುಲಿಗೆವ್ವ, ಕಂಪ್ಲಿಯವಳು.

ನಿಲ್ಲಿಸುವ ಕೆಂಪು ಗುಂಡಿ ಕೈಗೆಟುಕುವಷ್ಟು ಹತ್ತಿರವಿತ್ತು. ಒತ್ತಿದರೆ ಈ ಹೆಸರು ಉಳಿಯುತ್ತದೆ. ಹಿಂದಿನ ಹನ್ನೊಂದು ಸಾವಿರದ ಇನ್ನೂರ ಮೂರು ಪುಸ್ತಕಗಳಿಗೆ ಯಾರು ಉತ್ತರ ಹೇಳಬೇಕು? ಹಂಪಮ್ಮನ ಕೈ ಮೇಲೇಳಲಿಲ್ಲ. ಪುಸ್ತಕ ಅಲಗಿನೊಳಗೆ ಹೋಯಿತು.

"ಅಜ್ಜಿ ಹೆಸ್ರು ಬರದೇ ಇಲ್ಲೇನ್ರಿ?" ಎಡ್ವಿನ್ ತಲೆಯೆತ್ತಿದರು.

"ಇಲ್ರಿ. ಬರದಿಲ್ಲ."

ಎಡ್ವಿನ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು. "ಮಗನ್ನ ಹೆತ್ತು ಕೊಟ್ಟಾಕಿ ಹೆಸ್ರು ಬರಸಾಕ ಆಗಲಿಲ್ಲಲ್ರೀ ಆ ಕಿಂಟೇಲ್ ದೊರಿಗೆ! ಹೆಂಗೂ ಆಳು ಉಳಿ ತಂದಾನ. ಆ ಕಲ್ಲಿನ ಮ್ಯಾಲಿಂದ ಅವನ ಹೆಸ್ರನ್ನೂ ಹೊಡಸಿ ಹಾಕ್ತೀನಿ."

ಹಂಪಮ್ಮ "ತಾಯಿ: ನಮೂದಿಲ್ಲ" ಎಂದು ಸೂಚಿಗೆ ಸೇರಿಸಿ ಮುಂದಿನ ಪುಸ್ತಕ ತರಿಸಿದರು.

ಮೂವತ್ತೈದು ವರ್ಷಗಳ ಹಿಂದೆ ಅವರು ಶಾಲೆಯ ಹುಡುಗಿ. ಹುಡುಕಿದ್ದು ಪರದೆಯಲ್ಲಿ ಸಿಗದಿದ್ದರೆ ಅದು ಇರಲೇ ಇಲ್ಲ ಎಂದು ಸುತ್ತಲಿನ ದೊಡ್ಡವರೆಲ್ಲ ನಂಬತೊಡಗಿದ್ದ ಕಾಲ ಅದು. ಹುಡುಗಿ ಆ ಪಾಠವನ್ನು ಚೆನ್ನಾಗಿಯೇ ಕಲಿತಿದ್ದಳು.